ಮತ ಹಾಕಿ, ಗೇಟಿನಾಚೆ

ಜನವರಿ 25 ಬಂತೆಂದರೆ ಕಾಲೇಜುಗಳಲ್ಲಿ ಬಲಗೈ ಚಾಚುವ ಕಾರ್ಯಕ್ರಮ. ರಾಷ್ಟ್ರೀಯ ಮತದಾರರ ದಿನ. ರಾಜ್ಯಶಾಸ್ತ್ರದ ಮೇಷ್ಟ್ರು ಮೈಕಿನಲ್ಲಿ ಒಂದೊಂದೇ ಸಾಲು ಹೇಳಿಕೊಡುತ್ತಾರೆ, ಅಂಗಳದಲ್ಲಿ ಸಾಲಾಗಿ ನಿಂತ ಮಕ್ಕಳು ಅವರ ಹಿಂದೆಯೇ ಹೇಳುತ್ತಾರೆ. ಪ್ರಜಾಪ್ರಭುತ್ವದಲ್ಲಿ ನಮಗೆ ನಂಬಿಕೆಯಿದೆ, ಜಾತಿ ಧರ್ಮ ಆಮಿಷ ಯಾವುದಕ್ಕೂ ಬಗ್ಗುವುದಿಲ್ಲ, ಪ್ರತಿಯೊಂದು ಚುನಾವಣೆಯಲ್ಲೂ ನಿರ್ಭೀತಿಯಿಂದ ಮತ ಹಾಕುತ್ತೇವೆ. ಪ್ರತಿಜ್ಞೆ ಮುಗಿಯಿತು, ಕೈ ಇಳಿಯಿತು, ಎಲ್ಲರೂ ತಂತಮ್ಮ ಕ್ಲಾಸಿಗೆ ಹೊರಟರು. ಆ ಕ್ಲಾಸಿನ ಪ್ರತಿನಿಧಿ ಯಾರಾಗಬೇಕು ಎಂಬುದಕ್ಕೆ ಮಾತ್ರ ಅವರ ಮತ ಬೇಕಿಲ್ಲ. ಅದು ವರ್ಷದ ಶುರುವಿನಲ್ಲೇ ಪ್ರಾಂಶುಪಾಲರ ಕೊಠಡಿಯಲ್ಲಿ ತೀರ್ಮಾನವಾಗಿ ಫೈಲು ಸೇರಿದೆ.

1989 ಈ ವಿಷಯದಲ್ಲಿ ವಿಶೇಷ ವರ್ಷ. ಸಂವಿಧಾನದ 61ನೇ ತಿದ್ದುಪಡಿ ಜಾರಿಯಾಗಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದದ್ದು ಆ ಮಾರ್ಚ್ ತಿಂಗಳಲ್ಲಿ. ಹದಿನೆಂಟು ತುಂಬಿದವರಿಗೆ ದೇಶದ ಸರ್ಕಾರ ಆರಿಸುವಷ್ಟು ತಿಳಿವಳಿಕೆ ಇರುತ್ತದೆ ಎಂದು ಸಂಸತ್ತು ಒಪ್ಪಿಕೊಂಡಿತ್ತು. ಹೆಚ್ಚುಕಮ್ಮಿ ಅದೇ ಹೊತ್ತಿಗೆ ಕರ್ನಾಟಕದಲ್ಲಿ ಕಾಲೇಜು ಚುನಾವಣೆಗಳಿಗೆ ಬೀಗ ಬಿತ್ತು. ಕೊಟ್ಟ ಕಾರಣ ಸುಳ್ಳೇನೂ ಆಗಿರಲಿಲ್ಲ. ಚುನಾವಣೆ ಬಂದರೆ ಹೊಡೆದಾಟ, ಹಾಸ್ಟೆಲುಗಳಲ್ಲಿ ಜಾತಿವಾರು ಲೆಕ್ಕಾಚಾರ, ಹಿಂದೆ ನಿಂತು ದುಡ್ಡು ಸುರಿಯುವ ಪಕ್ಷಗಳು. ಹಿಂಸೆ, ಜಾತಿ, ದುಡ್ಡು ಮೂರೂ ಸೇರಿಕೊಂಡ ಚುನಾವಣೆಯನ್ನು ನಿಲ್ಲಿಸಲೇಬೇಕು ಎಂದು ಸರ್ಕಾರಕ್ಕೆ ಅನ್ನಿಸಿತು. ಎಲ್ಲಿಂದ ಶುರು ಮಾಡುವುದು ಎಂದು ಸುತ್ತಲೂ ನೋಡಿ, ವಿಧಾನಸಭೆಯನ್ನು ದಾಟಿಕೊಂಡು ಬಂದು, ಕಾಲೇಜಿನಿಂದ ಶುರು ಮಾಡಿತು. ಅಲ್ಲಿಗೇ ಮುಗಿಸಿತು ಕೂಡ.

ಹೀಗಾಗಿ ನಮ್ಮ ಹಳ್ಳಿಯ ಹುಡುಗಿಯೊಬ್ಬಳ ಪ್ರಜಾಪ್ರಭುತ್ವದ ಬದುಕು ಬಹಳ ಸೊಗಸಾಗಿ ಸಾಗುತ್ತದೆ. ಐದನೇ ಕ್ಲಾಸಿನಲ್ಲಿ ಶಾಲಾ ಸಂಸತ್ತಿನ ಚುನಾವಣೆ. ನಾಮಪತ್ರ, ಚಿಹ್ನೆ, ಪ್ರಚಾರ, ಬೆರಳಿಗೆ ಶಾಯಿ, ಮೇಷ್ಟ್ರ ಮೊಬೈಲಿನಲ್ಲೇ ಮತಯಂತ್ರ. ಗುಂಡಿ ಒತ್ತಿದರೆ ಬೀಪ್ ಅನ್ನುತ್ತದೆ. ಗೆದ್ದವಳು ಆಹಾರ ಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿ ಬಿಸಿಯೂಟದ ಸಾಲು ನೋಡಿಕೊಳ್ಳುತ್ತಾಳೆ. ಹದಿನೆಂಟಕ್ಕೆ ಲೋಕಸಭೆಗೆ ಮತ ಹಾಕುತ್ತಾಳೆ. ಇಪ್ಪತ್ತೊಂದು ತುಂಬಿದರೆ ಗ್ರಾಮ ಪಂಚಾಯ್ತಿಗೆ ನಿಂತು, ಗೆದ್ದು, ಅಧ್ಯಕ್ಷೆಯಾಗಿ, ಊರಿನ ನೀರಿನ ಕಾಮಗಾರಿಗೆ ಸಹಿ ಹಾಕಬಹುದು. ಮಾರನೇ ದಿನ ಅದೇ ಅಧ್ಯಕ್ಷೆ ಬಿ.ಎ. ಕ್ಲಾಸಿಗೆ ಬಂದರೆ, ವಾರ್ಷಿಕೋತ್ಸವಕ್ಕೆ ಯಾವ ಹಾಡಿಗೆ ಕುಣಿಯಬಹುದು ಎಂದು ಸಾಂಸ್ಕೃತಿಕ ಸಮಿತಿಯ ಸಂಚಾಲಕರ ಅಪ್ಪಣೆ ಕೇಳಬೇಕು. ಐದನೇ ಕ್ಲಾಸಿನಲ್ಲಿದ್ದ ಪ್ರಬುದ್ಧತೆ ಪದವಿಗೆ ಬರುವಷ್ಟರಲ್ಲಿ ಎಲ್ಲಿ ಸೋರಿಹೋಯಿತೋ, ಶಿಕ್ಷಣ ತಜ್ಞರೇ ಹೇಳಬೇಕು.

ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಮಾತು: ಕಾಲೇಜಿನೊಳಗೆ ರಾಜಕೀಯ ಬರಬಾರದು. ಸರಿ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಕಾಲೇಜು ಅಭಿವೃದ್ಧಿ ಸಮಿತಿ ಅಂತ ಒಂದಿದೆ. ಅದರ ಅಧ್ಯಕ್ಷರು ಕ್ಷೇತ್ರದ ಶಾಸಕರು. ಶಾಸಕರು ಬದಲಾದರೆ ಸಮಿತಿಯ ಮುಖಗಳೂ ಬದಲಾಗುತ್ತವೆ. ಶಾಸಕರು ಬರುವ ದಿನ ಗೇಟಿನಿಂದ ಸ್ಟಾಫ್ ರೂಮಿನವರೆಗೆ ಫ್ಲೆಕ್ಸ್. ಮಕ್ಕಳನ್ನು ಬಿಸಿಲಲ್ಲಿ ಎರಡು ಗಂಟೆ ಕೂರಿಸಿ, ಮೂರನೇ ಗಂಟೆಗೆ ಬಂದ ಶಾಸಕರು ಭಾಷಣದಲ್ಲಿ ಹೇಳುವುದೂ ಅದನ್ನೇ. ಮಕ್ಕಳೇ, ನೀವು ಓದಿನ ಕಡೆ ಗಮನ ಕೊಡಿ, ರಾಜಕೀಯದ ಹತ್ತಿರ ಸುಳಿಯಬೇಡಿ. ಆಮೇಲೆ, ಯುವಕರು ರಾಜಕೀಯಕ್ಕೆ ಬರಬೇಕು ಎಂದೂ ಹೇಳುತ್ತಾರೆ. ಎರಡಕ್ಕೂ ಚಪ್ಪಾಳೆ ಬೀಳುತ್ತದೆ.

ಚುನಾವಣೆ ಇಲ್ಲ ಅಂದಮಾತ್ರಕ್ಕೆ ವಿದ್ಯಾರ್ಥಿ ಸಂಘ ಇಲ್ಲ ಅಂದುಕೊಳ್ಳಬೇಡಿ. ಇದೆ, ಜೋರಾಗಿಯೇ ಇದೆ. ಅಲ್ಲೊಂದು ಇಲ್ಲೊಂದು ಕಾಲೇಜು ತನ್ನ ಪಾಡಿಗೆ ತಾನು ಒಳಗೊಳಗೇ ಮತ ಹಾಕಿಸುವುದುಂಟು. ಉಳಿದ ಕಡೆ ನಡೆಯುವುದು ಆಯ್ಕೆ ಪ್ರಕ್ರಿಯೆ. ಪ್ರಾಂಶುಪಾಲರ ಮೇಜು, ಮೇಲೆ ಗಾಜು, ಗಾಜಿನಡಿ ಹಳೇ ವರ್ಷದ ರಜಾ ಪಟ್ಟಿ. ಸುತ್ತ ಮೂವರು ಮೇಷ್ಟ್ರು. ಎದುರಿಗೆ ಮಾರ್ಕ್ಸಿನ ಹಾಳೆ.

"ಬಿಕಾಂನಲ್ಲಿ ಟಾಪರ್ ಯಾರ್ರೀ?"

"ಒಬ್ಳು ಹುಡ್ಗಿ ಇದಾಳೆ ಸಾರ್. ಆದ್ರೆ ತುಂಬಾ ಸೈಲೆಂಟು. ಮಾತೇ ಆಡಲ್ಲ."

"ಮತ್ತಿನ್ನೇನು? ಅವಳನ್ನೇ ಅಧ್ಯಕ್ಷೆ ಮಾಡಿ."

ಅಟೆಂಡರ್ ಹೋಗಿ ಕರೆದು ತರುತ್ತಾನೆ. ಹುಡುಗಿಗೆ ತಾನೇನು ತಪ್ಪು ಮಾಡಿದೆನೋ ಎಂದು ಬಾಗಿಲಲ್ಲೇ ನಡುಕ.

"ಏನಮ್ಮಾ, ಈ ವರ್ಷ ನೀನೇ ವಿದ್ಯಾರ್ಥಿ ಸಂಘದ ಅಧ್ಯಕ್ಷೆ."

"ಸಾರ್... ನಮ್ಮೂರಿಗೆ ನಾಲ್ಕೂವರೆಗೇ ಲಾಸ್ಟ್ ಬಸ್ಸು ಸಾರ್."

"ಬಸ್ಸಿಗೇನೂ ತೊಂದ್ರೆ ಆಗಲ್ಲಮ್ಮ. ನೀನೇನೂ ಮಾಡೋದಿರಲ್ಲ."

ಸಂಜೆಯೊಳಗೆ ನೋಟಿಸ್ ಬೋರ್ಡಿನಲ್ಲಿ ಹಾಳೆ ಅಂಟುತ್ತದೆ: ಅವಿರೋಧವಾಗಿ ಆಯ್ಕೆ. ವಿರೋಧ ವ್ಯಕ್ತಪಡಿಸಿದ್ದು ಅಭ್ಯರ್ಥಿ ಒಬ್ಬಳೇ, ಅದೂ ಬಸ್ಸಿನ ನೆಪದಲ್ಲಿ. ಅದನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಕಾರ್ಯದರ್ಶಿ ಸ್ಥಾನಕ್ಕೆ ಮಾತ್ರ ಮಾರ್ಕ್ಸ್ ನೋಡದೆ ಹಿಂದಿನ ಬೆಂಚಿನ ಒಬ್ಬ ಗಲಾಟೆ ಹುಡುಗನನ್ನು ಹಾಕುತ್ತಾರೆ. ಜವಾಬ್ದಾರಿ ಕೊಟ್ಟರೆ ತಗ್ಗುತ್ತಾನೆ ಎಂಬುದು ಸಿಬ್ಬಂದಿ ಸಭೆಯ ತಿಳಿವಳಿಕೆ. ರಾಜ್ಯ ಸಂಪುಟ ರಚನೆಯಲ್ಲೂ ಇದೇ ಸೂತ್ರ ನಡೆಯುವುದರಿಂದ, ಇದೊಂದನ್ನು ನಿಜವಾದ ರಾಜಕೀಯ ತರಬೇತಿ ಎನ್ನಬಹುದು.

ಇನ್ನು ಉದ್ಘಾಟನೆ. ಆಹ್ವಾನ ಪತ್ರಿಕೆಯ ತಲೆಬರಹವನ್ನು ಒಂದೇ ಉಸಿರಿಗೆ ಓದಿ ನೋಡಿ: ಪ್ರಸಕ್ತ ಸಾಲಿನ ವಿದ್ಯಾರ್ಥಿ ಸಂಘ, ಸಾಂಸ್ಕೃತಿಕ, ಕ್ರೀಡಾ, ಎನ್.ಎಸ್.ಎಸ್., ಎನ್.ಸಿ.ಸಿ., ಯುವ ರೆಡ್‌ಕ್ರಾಸ್, ರೋವರ್ಸ್ ಮತ್ತು ರೇಂಜರ್ಸ್ ಚಟುವಟಿಕೆಗಳ ಉದ್ಘಾಟನೆ ಹಾಗೂ ಪ್ರಥಮ ವರ್ಷದ ವಿದ್ಯಾರ್ಥಿಗಳಿಗೆ ಸ್ವಾಗತ ಸಮಾರಂಭ. ಇಷ್ಟನ್ನೂ ಒಂದೇ ದೀಪ ಹಚ್ಚಿ ಉದ್ಘಾಟಿಸುತ್ತಾರೆ. ಅಧ್ಯಕ್ಷತೆ ಪ್ರಾಂಶುಪಾಲರದು. ಘನ ಉಪಸ್ಥಿತಿ ಶಾಸಕರದು. ಮುಖ್ಯ ಅತಿಥಿಗಳು, ವಿಶೇಷ ಆಹ್ವಾನಿತರು, ಗೌರವ ಉಪಸ್ಥಿತರು ಎಂದು ಪಟ್ಟಿ ಕೆಳಗಿಳಿಯುತ್ತಾ ಹೋದಂತೆ ಅಕ್ಷರವೂ ಸಣ್ಣದಾಗುತ್ತದೆ. ತಳದಲ್ಲಿ, ಮುದ್ರಣಾಲಯದ ಹೆಸರಿನ ಮೇಲುಗಡೆ, ನಮ್ಮ ಚುನಾಯಿತ... ಕ್ಷಮಿಸಿ, ನಾಮನಿರ್ದೇಶಿತ ಅಧ್ಯಕ್ಷೆ ಇದ್ದಾಳೆ, ಸರ್ವರಿಗೂ ಆದರದ ಸ್ವಾಗತ ಬಯಸುತ್ತಾ. ವೇದಿಕೆಯಲ್ಲಿ ಅವಳದು ಕೊನೇ ಕುರ್ಚಿ. ಅತಿಥಿಯೊಬ್ಬರು ತಡವಾಗಿ ಬಂದರೆ ಅದೂ ಹೋಯಿತು. ಒಬ್ಬರಾದ ಮೇಲೊಬ್ಬರು ಮೈಕ್ ಹಿಡಿದು ಇಂದಿನ ವಿದ್ಯಾರ್ಥಿಗಳೇ ನಾಳಿನ ನಾಯಕರು ಎನ್ನುತ್ತಾರೆ. ಇಂದಿನ ಮಟ್ಟಿಗೆ ಅವರು ವಂದನಾರ್ಪಣೆ ಮಾಡಿದರೆ ಸಾಕು.

ಆಮೇಲೆ ವರ್ಷವಿಡೀ ಅಧ್ಯಕ್ಷೆಗೆ ಏನು ಕೆಲಸ? ಶಿಕ್ಷಕರ ದಿನಾಚರಣೆಗೆ ತಲಾ ಇಂತಿಷ್ಟು ವಸೂಲಿ. ಅತಿಥಿಗಳಿಗೆ ಕೊಡಲು ಗಿಡ ತರುವುದು. ಪ್ರಾರ್ಥನೆ ಹಾಡುವವರನ್ನು ಹುಡುಕುವುದು. ಕ್ಲಾಸಿನ ಪ್ರತಿನಿಧಿ, ಅಂದರೆ ಸಿಆರ್‌ದು ಇನ್ನೂ ಘನವಾದ ಹುದ್ದೆ: ಮೇಷ್ಟ್ರು ಬರದಿದ್ದರೆ ಹೋಗಿ ಕರೆಯಬೇಕು, ಬಂದುಬಿಟ್ಟರೆ ಇಡೀ ಕ್ಲಾಸಿನ ಬೈಗುಳ ತಿನ್ನಬೇಕು. ವಾಟ್ಸಾಪ್ ಗ್ರೂಪಿಗೆ ಅವನೇ ಅಡ್ಮಿನ್, ಆದರೆ ಗ್ರೂಪಿನಲ್ಲಿ ಮೇಷ್ಟ್ರೂ ಇರುವುದರಿಂದ ಅಲ್ಲಿ ಬರುವುದು 'ಓಕೆ ಸರ್' ಮತ್ತು ಕೈ ಮುಗಿಯುವ ಚಿತ್ರ ಮಾತ್ರ. ನಿಜವಾದ ವಿದ್ಯಾರ್ಥಿ ಸಂಘ ಇನ್ನೊಂದು ಗ್ರೂಪಿನಲ್ಲಿದೆ, ಅದಕ್ಕೆ ಮೇಷ್ಟ್ರನ್ನು ಸೇರಿಸಿಲ್ಲ.

ಇದೆಲ್ಲ ಯಾರಿಗಾಗಿ ಎಂದರೆ ನ್ಯಾಕ್‌ಗಾಗಿ. 1994ರಲ್ಲಿ ಹುಟ್ಟಿ ಬೆಂಗಳೂರಿನಲ್ಲೇ ನೆಲೆನಿಂತ ಈ ಸಂಸ್ಥೆ ಕಾಲೇಜುಗಳನ್ನು ಅಳೆಯಲು ಇಟ್ಟ ಏಳು ಮಾನದಂಡಗಳಲ್ಲಿ ಐದನೆಯದು ವಿದ್ಯಾರ್ಥಿಗಳ ಬೆಂಬಲ ಮತ್ತು ಪ್ರಗತಿ. ಆಡಳಿತದಲ್ಲಿ ವಿದ್ಯಾರ್ಥಿಗಳಿಗೆ ಪ್ರಾತಿನಿಧ್ಯ ಇದೆಯೇ ಎಂಬ ಪ್ರಶ್ನೆ ಅದರೊಳಗೆ ಬರುತ್ತದೆ. ಇದೆ ಸ್ವಾಮಿ, ಫೋಟೋ ಇದೆ. ಅಕ್ಷಾಂಶ ರೇಖಾಂಶ ಸಮೇತ ಜಿಯೋಟ್ಯಾಗ್ ಮಾಡಿದ ಫೋಟೋ. ಪ್ರಜಾಪ್ರಭುತ್ವ ಭೂಮಿಯ ಮೇಲೆ ಯಾವ ಬಿಂದುವಿನಲ್ಲಿ, ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ನಡೆಯಿತು ಎಂಬುದಕ್ಕೆ ಇಷ್ಟು ನಿಖರ ದಾಖಲೆ ಗ್ರೀಕರ ಹತ್ತಿರವೂ ಇರಲಿಲ್ಲ. ಪರಿಸರ ಸಂಘ, ಗ್ರಾಹಕ ವೇದಿಕೆ, ಕನ್ನಡ ಸಂಘ, ಮಾದಕವಸ್ತು ವಿರೋಧಿ ಘಟಕ, ಎಲ್ಲದಕ್ಕೂ ಒಂದೊಂದು ಫೋಟೋ. ಸ್ವಲ್ಪ ಹತ್ತಿರ ಹಿಡಿದು ನೋಡಿದರೆ ಎಲ್ಲದರಲ್ಲೂ ಅದೇ ಮೂವತ್ತು ಮಕ್ಕಳು. ಬ್ಯಾನರ್ ಮಾತ್ರ ಬೇರೆ. ಎಡಗಡೆಯ ಹುಡುಗ ಮಧ್ಯಾಹ್ನದೊಳಗೆ ಮೂರು ಸಂಘ ಸೇರಿ ಎರಡರಿಂದ ನಿವೃತ್ತನಾಗಿದ್ದಾನೆ. (ಎನ್ನೆಸ್ಸೆಸ್ ಮಕ್ಕಳನ್ನು ಈ ಸಾಲಿಗೆ ಸೇರಿಸಲು ಮನಸ್ಸಿಲ್ಲ. ಎರಡು ವರ್ಷಕ್ಕೆ 240 ಗಂಟೆ ಸೇವೆ, ಏಳು ದಿನದ ಶಿಬಿರ, ಚರಂಡಿಗೆ ನಿಜವಾಗಿಯೂ ಇಳಿಯುವವರು ಅವರೇ.)

ಇವುಗಳ ನಡುವೆ ಮುಕುಟಮಣಿಯೊಂದಿದೆ: ಮತದಾರರ ಸಾಕ್ಷರತಾ ಸಂಘ. ಚುನಾವಣಾ ಆಯೋಗ 2018ರಲ್ಲಿ ಶುರು ಮಾಡಿದ್ದು. ಮತ ಹಾಕುವುದು ಹೇಗೆ, ಅಭ್ಯರ್ಥಿಯನ್ನು ಅಳೆಯುವುದು ಹೇಗೆ ಎಂದು ಮಕ್ಕಳಿಗೆ ಕಲಿಸುವ ಸಂಘ. ಇದರ ಪದಾಧಿಕಾರಿಗಳನ್ನೂ ರಾಜ್ಯಶಾಸ್ತ್ರದ ಮೇಷ್ಟ್ರೇ ಹಾಜರಿ ಪುಸ್ತಕ ನೋಡಿ ಬರೆದುಕೊಂಡಿರುತ್ತಾರೆ.

ಕಾನೂನು ಏನನ್ನುತ್ತದೆ ಎಂದು ಯಾರಾದರೂ ಕೇಳಬಹುದು. ವಿದ್ಯಾರ್ಥಿ ಸಂಘಗಳ ಚುನಾವಣೆ ಹೇಗೆ ನಡೆಯಬೇಕು ಎಂದು ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಜೆ.ಎಂ. ಲಿಂಗ್ಡೋ ಅವರ ಸಮಿತಿ 2006ರಲ್ಲಿ ವರದಿ ಕೊಟ್ಟಿತು, ಸುಪ್ರೀಂ ಕೋರ್ಟ್ ಅದೇ ವರ್ಷ ಜಾರಿ ಮಾಡಿ ಎಂದಿತು. ಓದಲು ಬಲು ಚೆಂದ. ಅಭ್ಯರ್ಥಿಯ ಖರ್ಚು 5,000 ರೂಪಾಯಿ ಮೀರಬಾರದು. ಛಾಪಿಸಿದ ಪೋಸ್ಟರ್ ಕೂಡದು, ಕೈಯಲ್ಲಿ ಬರೆದದ್ದು ಮಾತ್ರ. ಹಾಜರಿ ಶೇ. 75 ಇರಲೇಬೇಕು. ಅಪರಾಧದ ದಾಖಲೆ ಇರಬಾರದು. ಪದಾಧಿಕಾರಿ ಸ್ಥಾನಕ್ಕೆ ಜೀವಮಾನದಲ್ಲಿ ಒಂದೇ ಸಲ ಸ್ಪರ್ಧೆ. ಪ್ರಚಾರಕ್ಕೆ ಧ್ವನಿವರ್ಧಕ, ವಾಹನ ಮತ್ತು ಪ್ರಾಣಿಗಳನ್ನು ಬಳಸುವಂತಿಲ್ಲ. ಪ್ರಾಣಿಗಳ ಮಾತು ಯಾಕೆ ಬಂತೋ ಗೊತ್ತಿಲ್ಲ, ಎಲ್ಲೋ ಯಾವನೋ ಆನೆ ಹತ್ತಿ ನಾಮಪತ್ರ ಸಲ್ಲಿಸಲು ಬಂದಿರಬೇಕು. ಈ ಪಟ್ಟಿಯನ್ನು ದಯವಿಟ್ಟು ವಿಧಾನಸೌಧದ ಮೊಗಸಾಲೆಯಲ್ಲಿ ಗಟ್ಟಿಯಾಗಿ ಓದಬೇಡಿ. ಹಾಜರಿಯ ಸಾಲಿಗೆ ಬಂದಾಗಲೇ ಕೆಲವರು ಎದೆ ಹಿಡಿದುಕೊಂಡಾರು, ಒಂದೇ ಸಲ ಸ್ಪರ್ಧೆ ಎಂಬಲ್ಲಿಗೆ ಆಂಬುಲೆನ್ಸ್ ಬೇಕಾದೀತು.

ಅದೇ ವರದಿಯಲ್ಲಿ ಇನ್ನೆರಡು ಮಾತುಗಳಿವೆ. ವಾತಾವರಣ ಕೆಟ್ಟಿರುವ ಕಡೆ ಸದ್ಯಕ್ಕೆ ನಾಮನಿರ್ದೇಶನ ಮಾಡಿಕೊಳ್ಳಿ, ಆದರೆ ಬರೀ ಮಾರ್ಕ್ಸ್ ನೋಡಿ ಮಾಡಬೇಡಿ. ಹಾಗೆ ಮಾಡುವವರು ಐದು ವರ್ಷದೊಳಗೆ ಚುನಾವಣೆಗೆ ಬದಲಾಯಿಸಿಕೊಳ್ಳಿ. 2006ಕ್ಕೆ ಐದು ಕೂಡಿದರೆ 2011. ಬಿಕಾಂ ಟಾಪರನ್ನು ಅಧ್ಯಕ್ಷೆ ಮಾಡಿ ಲೆಕ್ಕ ಸರಿಯಾಗಿ ಇಡುವವರಿಗೆ ಈ ಕೂಡುವ ಲೆಕ್ಕ ಯಾಕೆ ಒದಗಲಿಲ್ಲವೋ.

ಚುನಾವಣೆ ಬಂದರೆ ರಾಮರಾಜ್ಯವಾಗುತ್ತದೆ ಎಂದು ನಾನು ಹೇಳಿದರೆ ದಿಲ್ಲಿಯವರು ನಗುತ್ತಾರೆ. ಅಲ್ಲಿ ದಿಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘಕ್ಕೆ 2024ರ ಸೆಪ್ಟೆಂಬರಿನಲ್ಲಿ ಮತದಾನ ನಡೆಯಿತು. ಊರ ಗೋಡೆಗಳನ್ನೆಲ್ಲ ಪೋಸ್ಟರಿನಿಂದ ಗಲೀಜು ಮಾಡಿದ್ದೀರಿ, ಮೊದಲು ಅದನ್ನು ತೊಳೆಯಿರಿ ಎಂದು ಹೈಕೋರ್ಟ್ ಎಣಿಕೆಯನ್ನೇ ತಡೆಯಿತು, ಫಲಿತಾಂಶ ಬಂದದ್ದು ನವೆಂಬರಿನಲ್ಲಿ. 5,000 ರೂಪಾಯಿ ಮಿತಿಯೊಳಗೆ ಕಾರುಗಳ ಸಾಲು ಹೇಗೆ ಹೊರಡುತ್ತದೆ ಎಂಬುದು ವಾಣಿಜ್ಯ ವಿಭಾಗದವರು ಅಧ್ಯಯನ ಮಾಡಬೇಕಾದ ವಿಷಯ. ಪೋಸ್ಟರಿನಲ್ಲಿ ತಮ್ಮ ಹೆಸರನ್ನೇ ಬೇಕೆಂದು ತಪ್ಪಾಗಿ ಛಾಪಿಸಿ, ಇದು ನಾನಲ್ಲ ಎಂದು ಜಾರಿಕೊಳ್ಳುವ ಜಾಣರೂ ಅಲ್ಲಿದ್ದಾರೆ. ಒಪ್ಪೋಣ, ಅದೂ ಕೊಳಕೇ. ಆದರೆ ಗೋಡೆ ತೊಳೆಸಲು ಅಲ್ಲೊಂದು ಗೋಡೆಯಿತ್ತು, ಸೋಲಿಸಲು ಒಬ್ಬ ಅಭ್ಯರ್ಥಿಯಿದ್ದ. ನಮ್ಮ ಗೋಡೆಗಳು ಸ್ವಚ್ಛವಾಗಿವೆ, ಶಾಸಕರ ಹುಟ್ಟುಹಬ್ಬದ ಫ್ಲೆಕ್ಸ್ ಬಿಟ್ಟರೆ. ಮತ್ತೆ ಚುನಾವಣೆ ಶುರು ಮಾಡೋಣ ಎಂಬ ಮಾತು ಇಲ್ಲಿಯೂ ಆಗಾಗ ಏಳುತ್ತದೆ. ಎದ್ದು, ಸ್ವಲ್ಪ ಹೊತ್ತು ಕೂತು, ಮಲಗುತ್ತದೆ.

ಕೊನೆಯದಾಗಿ ಒಂದು ಸಭೆಗೆ ಬನ್ನಿ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2015ರ ನಿಯಮದ ಪ್ರಕಾರ ಲೈಂಗಿಕ ಕಿರುಕುಳದ ದೂರು ವಿಚಾರಿಸುವ ಆಂತರಿಕ ಸಮಿತಿಯಲ್ಲಿ, ವಿಷಯ ವಿದ್ಯಾರ್ಥಿಗಳದಾಗಿದ್ದರೆ, ಮೂವರು ವಿದ್ಯಾರ್ಥಿಗಳು ಇರಬೇಕು. ಅವರು ಪಾರದರ್ಶಕವಾದ ಪ್ರಜಾಸತ್ತಾತ್ಮಕ ವಿಧಾನದಿಂದ ಚುನಾಯಿತರಾಗಿರಬೇಕು. ನಿಯಮ ಅಂದಮೇಲೆ ಪಾಲಿಸಲೇಬೇಕಲ್ಲ. ಮತ್ತೆ ಅದೇ ಮೇಜು. ಪಾರದರ್ಶಕತೆಗೆ ಮೇಲಿನ ಗಾಜು ಸಾಕ್ಷಿ. ಕ್ಲರ್ಕ್ ನಡಾವಳಿ ಪುಸ್ತಕ ಬಿಡಿಸಿ 'ಪ್ರಜಾಸತ್ತಾತ್ಮಕ ವಿಧಾನದಿಂದ' ಎಂದು ದುಂಡಗೆ ಬರೆದು, ಮುಂದೆ ಜಾಗ ಬಿಟ್ಟು, ಹೆಸರು ಹೇಳಿ ಸಾರ್ ಎಂದು ತಲೆಯೆತ್ತಿದ. ಮೂರು ಹೆಸರು ಬಂದವು. ಅಧ್ಯಕ್ಷೆಯದೂ ಒಂದು, ಹೇಗೂ ಎದುರಿಗೇ ಕೂತಿದ್ದಳು.

ಕಾರ್ಯಸೂಚಿಯ ಕಡೆಯ ಅಂಶ: ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು. ವಿದ್ಯಾರ್ಥಿ ಸಂಘದ ಅಧ್ಯಕ್ಷೆ ಮೊದಲ ಸಲ ಬಾಯಿ ತೆರೆದಳು.

"ಸಾರ್, ಲೇಡೀಸ್ ಟಾಯ್ಲೆಟ್ಟಲ್ಲಿ ಒಂದು ತಿಂಗಳಿಂದ ನೀರು ಬರ್ತಿಲ್ಲ. ಹುಡ್ಗೀರೆಲ್ಲ ನನ್ನ ಕೇಳ್ತಿದಾರೆ ಸಾರ್."

ಮೇಷ್ಟ್ರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪ್ರಾಂಶುಪಾಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೋಡಮ್ಮಾ, ನೀನು ಒಳ್ಳೇ ಹುಡ್ಗಿ, ಚೆನ್ನಾಗ್ ಓದ್ತೀಯ. ಇದ್ರಲ್ಲೆಲ್ಲ ರಾಜಕೀಯ ತರಬೇಡ."

ಕ್ಲರ್ಕ್ ಬರೆದುಕೊಂಡ: ಇತರೆ ವಿಷಯಗಳು, ಇಲ್ಲ. ವಂದನಾರ್ಪಣೆ, ವಿದ್ಯಾರ್ಥಿ ಸಂಘದ ಅಧ್ಯಕ್ಷೆಯವರಿಂದ.