ಫ್ಯಾನಿನ ಕೆಳಗೆ ಒಂದಾದ ಜಿಲ್ಲೆ

ಬಳ್ಳಾರಿಯಲ್ಲಿ ಹಳೆಯ ಪುಸ್ತಕ ಓದಬೇಕೆಂದರೆ ಮೊದಲು ಫ್ಯಾನಿನ ಜೊತೆ ರಾಜಿ ಮಾಡಿಕೊಳ್ಳಬೇಕು. ಏಪ್ರಿಲ್ ಮಧ್ಯಾಹ್ನ ಅದನ್ನು ಆರಿಸಿದರೆ ಬೆವರಿನ ಹನಿ ನೇರವಾಗಿ ಬ್ರಿಟಿಷರ ಕಾಲದ ಹಾಳೆಯ ಮೇಲೆ ಬೀಳುತ್ತದೆ. ಹಾಕಿದರೆ ಹಾಳೆಯೇ ಎದ್ದು ಹೋಗುತ್ತದೆ. ರೆಗ್ಯುಲೇಟರ್ ಇದೆಯಲ್ಲ ಎನ್ನಬೇಡಿ. ನಾನು ಹೋಗುವ ಗ್ರಂಥಾಲಯದ ರೆಗ್ಯುಲೇಟರಿನ ಮೇಲೆ ಐದರವರೆಗೆ ಅಂಕಿಗಳಿದ್ದರೂ ಫ್ಯಾನಿಗೆ ಗೊತ್ತಿರುವುದು ಸೊನ್ನೆ ಮತ್ತು ಐದು ಮಾತ್ರ.

ನನಗೆ ಬೇಕಾಗಿದ್ದದ್ದು ಬ್ರಿಟಿಷ್ ಅಧಿಕಾರಿ ಡಬ್ಲ್ಯು. ಫ್ರಾನ್ಸಿಸ್ ಅವರ 1904ರ ಬಳ್ಳಾರಿ ಗೆಜೆಟಿಯರ್, ಅಂದರೆ ಜಿಲ್ಲೆಯ ವಿವರಗಳ ಸರ್ಕಾರಿ ಪುಸ್ತಕ. ಹೈದರಾಲಿ ನಮ್ಮ ಕೋಟೆಯನ್ನು ಬಲಪಡಿಸಿದ ಫ್ರೆಂಚ್ ಎಂಜಿನಿಯರನನ್ನು, ಪಕ್ಕದ ಕುಂಬಾರಗುಡ್ಡ ಇನ್ನೂ ಎತ್ತರವಾಗಿದೆ ಎಂಬ ಕಾರಣಕ್ಕೆ, ಗಲ್ಲಿಗೇರಿಸಿದನಂತೆ. ಇಂದಿನ ಗುತ್ತಿಗೆದಾರರು ಅದೃಷ್ಟವಂತರು. ಈ ಕಥೆಯ ಬಗ್ಗೆ ಫ್ರಾನ್ಸಿಸ್ ಏನೆನ್ನುತ್ತಾರೆ ಎಂದು ನೋಡುವ ಆಸೆ.

ಅಟೆಂಡರ್ ಬೀರುವಿನಿಂದ ತೆಗೆದುಕೊಟ್ಟ ಪ್ರತಿಗೆ ನುಸಿಗುಳಿಗೆಯ ವಾಸನೆ, ಗಣಿಯ ಕೆಂಪು ಧೂಳಿನ ಹೊದಿಕೆ. ಸೀನು ಬಂದಾಗಲೆಲ್ಲ ಪುಸ್ತಕಕ್ಕೆ ಬೆನ್ನು ತಿರುಗಿಸುವುದು ನನ್ನ ಅಭ್ಯಾಸ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಕಾಗದವನ್ನು ಹೆಚ್ಚಾಗಿ ಮರದ ತಿರುಳಿನಿಂದ ಮಾಡತೊಡಗಿದರು. ಅದರೊಳಗಿನ ಆಮ್ಲವೇ ಅದನ್ನು ಮೆಲ್ಲಗೆ ಸುಡುತ್ತಾ ಬರುತ್ತದೆ. ಬಳ್ಳಾರಿಯಲ್ಲಿದ್ದ ಪಾದ್ರಿ ವಿಲಿಯಂ ರೀವ್ ಅವರ 1832ರ ಕನ್ನಡ ನಿಘಂಟಿನ ಕಾಲದ ಚಿಂದಿಬಟ್ಟೆಯ ಕಾಗದ ಇನ್ನೂ ಬಾಗುತ್ತದೆ, 1904ರದ್ದು ಹಪ್ಪಳದಂತೆ ಮುರಿಯುತ್ತದೆ. ಅಜ್ಜ ಗಟ್ಟಿ, ಮೊಮ್ಮಗನಿಗೆ ಮಂಡಿನೋವು.

ಎದುರು ಕುಳಿತಿದ್ದ ಯಜಮಾನರೊಬ್ಬರು ದಿನಪತ್ರಿಕೆಯಿಂದ ಗಾಳಿ ಬೀಸಿಕೊಂಡು ಬೀಸಿಕೊಂಡು ದಣಿದು, ಎದ್ದು ಹೋಗಿ ಸ್ವಿಚ್ ಒತ್ತಿದರು. ಗೆಜೆಟಿಯರಿನ ಕೊನೆಯ ಅಧ್ಯಾಯ, ಅಂದರೆ ತಾಲ್ಲೂಕುಗಳ ವಿವರ, ಹೊಲಿಗೆ ಬಿಟ್ಟು ಹಾರಿತು.

ಅಟೆಂಡರ್ ಬೆಂಚಿನ ಈ ಕಡೆ, ನಾನು ಆ ಕಡೆ ಮಂಡಿಯೂರಿದೆವು. ಆಗ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿ ಎಂಟು ತಾಲ್ಲೂಕುಗಳಿದ್ದವು. 1953ರಲ್ಲಿ ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಹೊಸಪೇಟೆ, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಈಗ ವಿಜಯನಗರ ಜಿಲ್ಲೆಯಲ್ಲಿವೆ. ಎಂಟರಲ್ಲಿ ನಮಗೆ ಉಳಿದದ್ದು ಬಳ್ಳಾರಿ ಒಂದೇ. ಯಾವ ಆಯೋಗವೂ ಇಲ್ಲದೆ, ಧರಣಿಯೂ ಇಲ್ಲದೆ, ನಾವಿಬ್ಬರೂ ನೆಲದ ಮೇಲೆ ಅಷ್ಟನ್ನೂ ಒಟ್ಟುಗೂಡಿಸುತ್ತಿದ್ದೆವು. ನನಗಂತೂ ಓದುವುದಕ್ಕಿಂತ ಇದೇ ಹೆಚ್ಚು ರುಚಿಸಿತು. ಹಳೆಯ ಪುಸ್ತಕದಲ್ಲಿ ಬೇಕಾದದ್ದನ್ನು ಹುಡುಕಲು ಹೋದವನಿಗೆ ಬೇಡದ್ದರ ಮೇಲೆ ಮೋಹ ಹುಟ್ಟುವುದು ಹೀಗೆಯೇ. ಎಂಜಿನಿಯರ್ ಮರೆತೇ ಹೋದ.

“ಆಲೂರು ಸಿಗುತ್ತಿಲ್ಲ ಸರ್,” ಎಂದರು ಅಟೆಂಡರ್.

ಅದು ಯಜಮಾನರ ಕೈಯಲ್ಲಿತ್ತು. ಕನ್ನಡಕವನ್ನು ಹಣೆಗೇರಿಸಿಕೊಂಡು, ಹಾಳೆಯನ್ನು ಮೂಗಿನ ಹತ್ತಿರ ಹಿಡಿದು ಓದುತ್ತಿದ್ದರು. ಕೊಡಿ ಎಂದೆ. “ತಡೆಯಿರಿ, ನನ್ನ ಹೆಂಡತಿಯ ತವರು,” ಎಂದರು. ಕೊನೆಯ ಸಾಲಿನವರೆಗೂ ಬಿಡದೆ ಓದಿ, ಅಸಮಾಧಾನದಿಂದ ಹಿಂತಿರುಗಿಸಿದರು.

“ನಮ್ಮ ಮಾವನವರ ಹೆಸರೇ ಇಲ್ಲವಲ್ಲ. ಇದೆಂಥ ಗೆಜೆಟಿಯರು?”