ಅಂಚೆಯಣ್ಣನ ಬೆಣ್ಣೆಹಣ್ಣು

ಅಂಗಡಿಯಲ್ಲಿ ಕಪ್ಪು ಸಿಪ್ಪೆಯ, ಮೈಯೆಲ್ಲ ಗಂಟುಗಂಟಾದ ಬೆಣ್ಣೆಹಣ್ಣಿಗೆ ‘ಹಾಸ್’ ಎಂಬ ಚೀಟಿ ಅಂಟಿಸಿರುತ್ತಾರಲ್ಲ, ಅದು ಯಾವುದೋ ಕಂಪನಿಯ ಹೆಸರೆಂದೇ ನಾನು ಬಹಳ ಕಾಲ ನಂಬಿದ್ದೆ. ಅದು ಒಬ್ಬ ಅಂಚೆಯಣ್ಣನ ಹೆಸರು.

ರುಡಾಲ್ಫ್ ಹಾಸ್ ಹುಟ್ಟಿದ್ದು 1892ರಲ್ಲಿ, ಅಮೆರಿಕದ ಮಿಲ್ವಾಕಿಯಲ್ಲಿ. ಆಮೇಲೆ ಕ್ಯಾಲಿಫೋರ್ನಿಯಾಕ್ಕೆ ಬಂದು ಪಾಸಡೀನಾದಲ್ಲಿ ಮನೆಮನೆಗೆ ಕಾಗದ ಹಂಚುತ್ತಿದ್ದರು. ಬೆಣ್ಣೆಹಣ್ಣಿನ ಮರದಲ್ಲಿ ಡಾಲರ್ ನೋಟುಗಳು ಜೋತುಬಿದ್ದ ಚಿತ್ರವನ್ನು ಪತ್ರಿಕೆಯೊಂದರಲ್ಲಿ ಕಂಡು ಆಸೆ ಹುಟ್ಟಿತಂತೆ. (ವೆನಿಲಾಕ್ಕೆ ಚಿನ್ನದ ಬೆಲೆ ಎಂದು ಕೇಳಿ ಅಡಿಕೆ ಮರಕ್ಕೆ ಬಳ್ಳಿ ಹಬ್ಬಿಸಿದ ನಮ್ಮ ಮಲೆನಾಡಿನವರಿಗೆ ಈ ಆಸೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.) ಲಾ ಹಾಬ್ರಾ ಹೈಟ್ಸ್‌ನಲ್ಲಿ ಒಂದೂವರೆ ಎಕರೆ ಕೊಂಡರು. ಬೀಜ ಊರಿ ಸಸಿ ಬೆಳೆಸಿ, ಅವಕ್ಕೆ ಆಗ ಹೆಸರಾಗಿದ್ದ ‘ಫುಯೆರ್ಟೆ’ ತಳಿಯ ಕಸಿ ಕಟ್ಟಿಸುವುದು ಲೆಕ್ಕಾಚಾರ.

ಒಂದು ಸಸಿ ಮಾತ್ರ ಒಗ್ಗಲಿಲ್ಲ. ಎಷ್ಟು ಸಲ ಕಟ್ಟಿದರೂ ಕಸಿಕಡ್ಡಿ ಒಣಗುತ್ತಿತ್ತು. ಕಡಿದು ಹಾಕೋಣ ಎಂದರು ಹಾಸ್. ಕಸಿ ಕಟ್ಟಲು ಬರುತ್ತಿದ್ದ ಕಾಲ್ಕಿನ್ಸ್ ಎಂಬವರು, ಗಿಡ ಗಟ್ಟಿಯಾಗಿದೆ, ಇರಲಿ ಬಿಡಿ ಎಂದರು. ಈ ಕಥೆಯಲ್ಲಿ ನನಗೆ ಎಲ್ಲರಿಗಿಂತ ದೊಡ್ಡವರಾಗಿ ಕಾಣುವುದು ಈ ಕಾಲ್ಕಿನ್ಸ್. ತನ್ನ ಕಸಿ ಸೋತ ಗಿಡವನ್ನು ಉಳಿಸು ಎನ್ನಲು ದೊಡ್ಡ ಮನಸ್ಸು ಬೇಕು.

ಫಲ ಬಂದಾಗ ರುಚಿ ಹಿಡಿದವರು ಮನೆಯ ಮಕ್ಕಳು. ಹಸಿರು, ನುಣುಪು ಸಿಪ್ಪೆಯ ಹಣ್ಣಿಗೆ ಒಗ್ಗಿದ್ದ ಪೇಟೆಗೆ ಹಣ್ಣಾದಾಗ ಕಪ್ಪಾಗುವ ಈ ಕಾಯಿ ಕೊಳೆತದ್ದರಂತೆ ಕಂಡಿರಬೇಕು. ಆದರೆ ದಪ್ಪ ಸಿಪ್ಪೆ ದೂರದ ಸಾಗಾಟವನ್ನು ತಾಳಿಕೊಳ್ಳುತ್ತಿತ್ತು, ತಿರುಳು ಬೆಣ್ಣೆಯೇ. 1935ರಲ್ಲಿ ಹಾಸ್ ಅದಕ್ಕೆ ಪೇಟೆಂಟ್ ಪಡೆದರು. ಸಸಿ ಮಾರುವ ಹೊಣೆ ಹೊತ್ತ ನರ್ಸರಿಯ ಬ್ರೋಕಾ ಅವರಿಗೆ ಶೇಕಡಾ 75, ಹಾಸ್‌ಗೆ 25.

ಆ 25 ಕೂಡ ಸರಿಯಾಗಿ ಕೈಸೇರಲಿಲ್ಲ. ಬೆಣ್ಣೆಹಣ್ಣಿನ ಬೀಜ ತಾಯಿಮರದ ಗುಣವನ್ನು ಹಾಗೆಯೇ ಕೊಡುವುದಿಲ್ಲ, ಕಸಿಯೇ ಗತಿ. ಬೆಳೆಗಾರರು ಒಂದೇ ಒಂದು ಸಸಿ ಕೊಂಡು, ಅದರ ಕಡ್ಡಿ ಕತ್ತರಿಸಿ ಇಡೀ ತೋಟಕ್ಕೆ ಕಟ್ಟಿಕೊಂಡರು. ಬದುಕಿಡೀ ಪೇಟೆಂಟಿನಿಂದ ಹಾಸ್‌ಗೆ ಸಿಕ್ಕಿದ್ದು 5,000 ಡಾಲರಿಗೂ ಕಡಿಮೆ. ಅಂಚೆಚೀಲ ಹೆಗಲಿನಿಂದ ಇಳಿಯಲಿಲ್ಲ. 1952ರಲ್ಲಿ ತೀರಿಕೊಂಡರು. ಪೇಟೆಂಟಿನ ಅವಧಿ ಮುಗಿದದ್ದೂ ಅದೇ ವರ್ಷ.

ಇದನ್ನು ಅದೃಷ್ಟದ ಕಥೆ ಎನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಗಿಡ ಹುಟ್ಟಿದ್ದು ಅದೃಷ್ಟವೇ ಇರಬಹುದು. ಕಡಿಯದೆ ಕಾದದ್ದು, ತಿಂದು ನೋಡಿದ್ದು, ಬೇರೆಯವರಿಗೂ ತಿನ್ನಿಸಿದ್ದು ಅದೃಷ್ಟವಲ್ಲ, ಕೆಲಸ. ಕೆಲಸಕ್ಕೆ ಕೂಲಿ ಸಿಗಬೇಕು. ನಮ್ಮ ತುಮಕೂರು ಜಿಲ್ಲೆಯ ಚೇಳೂರಿನ ಕೆಂಪು ತೊಳೆಯ ಹಲಸು ನೋಡಿ. ಮರ ನೆಟ್ಟ ಸಿದ್ದಪ್ಪನವರ ನೆನಪಿಗೆ ಅದಕ್ಕೆ ‘ಸಿದ್ದು’ ಎಂದೇ ಹೆಸರಿಟ್ಟರು. ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಸಸಿ ಮಾರಿ ಬಂದ ಹಣದಲ್ಲಿ ಶೇಕಡಾ 75ನ್ನು ಮರದ ಮನೆಯವರಿಗೇ ಕೊಡುವ ಒಪ್ಪಂದ ಮಾಡಿಕೊಂಡರು. ಹಾಸ್‌ಗೆ ಸಿಕ್ಕ ಲೆಕ್ಕವನ್ನು ತಲೆಕೆಳಗು ಮಾಡಿದಂತೆ.

ಹಾಸ್ ತಾಯಿಮರ ಬೇರುಕೊಳೆ ರೋಗಕ್ಕೆ ಸಿಕ್ಕಿ 2002ರಲ್ಲಿ ಹೋಯಿತು. ಇಂದು ಜಗತ್ತಿನಲ್ಲಿರುವ ಹಾಸ್ ಮರಗಳೆಲ್ಲ ಅದರದೇ ರೆಂಬೆಗಳ ಸಂತತಿ.

ಸೋಮವಾರಪೇಟೆ ಕಡೆ ನಮ್ಮ ಚಿಕ್ಕಮ್ಮನ ಕಾಫಿ ತೋಟದಲ್ಲಿ ತಾನಾಗಿ ಹುಟ್ಟಿದ ಬೆಣ್ಣೆಹಣ್ಣಿನ ಗಿಡವೊಂದಿದೆ. ನೆರಳು ಹೆಚ್ಚಾಯಿತು, ಕಡಿಸುತ್ತೇನೆ ಎಂದು ಫೋನಿನಲ್ಲಿ ಹೇಳಿದರು. ಹಾಸ್ ಕಥೆಯನ್ನೆಲ್ಲ ಹೇಳಿ, “ಒಂದು ಫಸಲು ತಿಂದು ನೋಡಿ ಚಿಕ್ಕಮ್ಮಾ, ಆಮೇಲೆ ಕಡಿಸಿ” ಎಂದೆ.

“ತಿನ್ನುವುದಕ್ಕೆ ಮಂಗಗಳು ಬಿಟ್ಟರೆ ತಾನೇ” ಎಂದರು. ಗಿಡ ಸದ್ಯಕ್ಕೆ ಇದೆ.