ಕೇಳುವವರೇ, ಒಮ್ಮೆ ಲೈಸೆನ್ಸ್ ತಗೊಂಡು ನೋಡಿ

ಅಂತೂ ಹ್ಯಾಮ್ ಲೈಸೆನ್ಸ್, ಅಂದರೆ ಹವ್ಯಾಸಕ್ಕಾಗಿ ರೇಡಿಯೋದಲ್ಲಿ ಮಾತಾಡಲು ಬೇಕಾದ ಪರವಾನಗಿ, ಕೈಗೆ ಬಂತು. ರೇಡಿಯೋದಲ್ಲಿ ನನ್ನ ಗುರುತಾಗುವ ಕಾಲ್‌ಸೈನ್ ಸಿಕ್ಕಿದ ಸುದ್ದಿ ಹಾಕಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡು ಬಗೆ. "ಮೊಬೈಲ್ ಇರೋ ಕಾಲದಲ್ಲಿ ಇದೆಲ್ಲ ಯಾಕೆ?" ಅನ್ನುವುದು ಒಂದು. ಅದಕ್ಕೆ ಉತ್ತರ ಹೇಳಿ ಯಾರನ್ನಾದರೂ ಒಪ್ಪಿಸುವ ಹುಮ್ಮಸ್ಸು ನನಗಿಲ್ಲ. ಇನ್ನೊಂದು, ನನ್ನ ಹಾಗೇ ವರ್ಷಗಟ್ಟಲೆ ದೂರದೇಶಗಳ ಶಾರ್ಟ್‌ವೇವ್ ರೇಡಿಯೋ ಕೇಳಿಕೊಂಡು ಬಂದವರದ್ದು: "ಕೇಳ್ಕೊಂಡು ಆರಾಮಾಗಿದ್ದೆಯಲ್ಲ ಮಾರಾಯ, ಈ ವಯಸ್ಸಲ್ಲಿ ಪರೀಕ್ಷೆ ಬರೆದು ಮಾತಾಡೋ ಉಸಾಬರಿ ಯಾಕೆ ಬೇಕಿತ್ತು?" ಈ ಬರಹ ಅವರಿಗೆ.

ನಾನು ಮಾತುಗಾರ ಅಲ್ಲ, ನಿಮಗೇ ಗೊತ್ತು. ಗುರುತಿಲ್ಲದವರ ಜತೆ ಮಳೆ ಬಿಸಿಲಿನ ವಿಚಾರ ಮಾತಾಡಲು ನನಗೆ ಲೈಸೆನ್ಸ್ ಬೇಕಿರಲಿಲ್ಲ. ಆದರೆ ಐಟಿಯು, ಅಂದರೆ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ, ತನ್ನ ನಿಯಮಾವಳಿಯಲ್ಲಿ ಹವ್ಯಾಸಿ ರೇಡಿಯೋ ಯಾತಕ್ಕೆ ಅಂತ ಹೇಳಿರುವುದನ್ನು ನೋಡಿ. ಸ್ವಯಂ ತರಬೇತಿ, ಪರಸ್ಪರ ಸಂಪರ್ಕ, ತಾಂತ್ರಿಕ ಶೋಧ. ಅದೂ ಹಣದ ಆಸೆಯಿಲ್ಲದೆ, ಸ್ವಂತ ಆಸಕ್ತಿಗಾಗಿ. ಕಲಿಕೆಗೆ ಮೊದಲ ಮಣೆ, ಹರಟೆ ಆಮೇಲೆ. ನಾವು ಕೇಳುಗರು ಮಾಡುತ್ತಾ ಬಂದದ್ದೂ ಆ ಮೊದಲನೆಯದನ್ನೇ ಅಲ್ಲವೇ? ಅರ್ಧ ದಾರಿ ನಡೆದು ಕೂತಿದ್ದೇವೆ, ಅಷ್ಟೇ.

ಪರೀಕ್ಷೆಗೆ ಓದಲು ಕೂತಾಗ ನನಗೆ ಸಿಕ್ಕಿದ ಖುಷಿ ಬೇರೆ ಥರದ್ದು. ಕೈಗೆ ಗೊತ್ತಿದ್ದ ಎಷ್ಟೋ ಸಂಗತಿಗಳಿಗೆ ಕಾರಣ ತಿಳಿಯಿತು. ಹ್ಯಾಮ್‌ಗಳ ಮಾತು ಸಾಧಾರಣ ರೇಡಿಯೋದಲ್ಲಿ ಬಾತುಕೋಳಿ ಕೂಗಿದಂತೆ ಕೇಳಿಸುತ್ತದೆ. ರೇಡಿಯೋದ ಬಿಎಫ್‌ಒ ಗುಂಡಿ ಒತ್ತಿ ಡಯಲ್ ಕೂದಲೆಳೆಯಷ್ಟು ತಿರುಗಿಸಿದರೆ ಮನುಷ್ಯರ ದನಿಯಾಗುತ್ತದೆ. ಇದನ್ನು ಕಣ್ಣುಮುಚ್ಚಿ ಮಾಡುತ್ತಿದ್ದೆವು. ಹ್ಯಾಮ್‌ಗಳು ಬಳಸುವ ಎಸ್‌ಎಸ್‌ಬಿ ವಿಧಾನದಲ್ಲಿ ಕಳಿಸುವವನು ಮಾತನ್ನು ಹೊರುವ ಕ್ಯಾರಿಯರ್ ಅಲೆಯನ್ನೂ ಅದರ ಎರಡು ಪಕ್ಕದಲ್ಲಿ ಮಾತು ತುಂಬಿರುವ ಸೈಡ್‌ಬ್ಯಾಂಡುಗಳಲ್ಲಿ ಒಂದನ್ನೂ ತೆಗೆದುಹಾಕಿ ಇನ್ನೊಂದನ್ನು ಮಾತ್ರ ಕಳಿಸುತ್ತಾನೆ, ಇಲ್ಲದ ಆ ಕ್ಯಾರಿಯರನ್ನು ನಮ್ಮ ರಿಸೀವರ್ ತಾನೇ ಹುಟ್ಟಿಸಿ ಕೂಡಿಸಿಕೊಳ್ಳುತ್ತದೆ, ಅದು ಸರಿಯಾದ ಜಾಗಕ್ಕೆ ಬಂದಾಗ ದನಿ ತಿಳಿಯಾಗುತ್ತದೆ ಅನ್ನುವುದು ಬಿಡಿಸಿ ಅರ್ಥವಾದದ್ದು ಈಗ. ಹಗಲಲ್ಲಿ 7 ಮೆಗಾಹರ್ಟ್ಸ್ ಸುತ್ತಮುತ್ತ ಹತ್ತಿರದವರೇ ಸಿಕ್ಕುವುದು, ಸೂರ್ಯ ಮುಳುಗಿದ ಮೇಲೆ ದೂರದ ಖಂಡಗಳು ತೂರಿಬರುವುದು ನಮಗೆಲ್ಲ ಗೊತ್ತಿರುವ ವಿಷಯ. ಹಗಲು ವಾತಾವರಣದ ಮೇಲ್ಭಾಗದ ಅಯಾನುಗೋಳದಲ್ಲಿ ಕೆಳಗಿರುವ ಡಿ ಪದರ ಸಿಗ್ನಲನ್ನು ಹೀರಿಕೊಳ್ಳುತ್ತದೆ, ರಾತ್ರಿ ಅದು ಕರಗಿ, ಸಿಗ್ನಲನ್ನು ಭೂಮಿಗೆ ತಿರುಗಿಸುವ ಮೇಲಿನ ಎಫ್ ಪದರದವರೆಗೆ ದಾರಿ ತೆರೆಯುತ್ತದೆ. ಕೇಳುಗನಿಗೆ ಪಠ್ಯದ ಮುಕ್ಕಾಲು ಪಾಲು ಹೀಗೆ ಹಳೆಯ ಪರಿಚಯವೇ.

ಕಾನೂನಿನ ಅಧ್ಯಾಯ ಒಣ ಒಣ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಹಾಗನ್ನಿಸಲಿಲ್ಲ. ಬಹುತೇಕ ದೇಶಗಳಲ್ಲಿ ವೈರ್‌ಲೆಸ್ ಸಾಧನಗಳಿಗೆ ಮಾರುಕಟ್ಟೆಗೆ ಬರುವ ಮೊದಲೇ ತಪಾಸಣೆಯ ಮುದ್ರೆ ಬಿದ್ದಿರಬೇಕು. ಹ್ಯಾಮ್ ಮಾತ್ರ ತಾನೇ ಬೆಸುಗೆ ಹಾಕಿದ ಟ್ರಾನ್ಸ್‌ಮಿಟರನ್ನು ಆಂಟೆನಾಕ್ಕೆ ಜೋಡಿಸಿ ಹಚ್ಚಬಹುದು. ಪೆಟ್ಟಿಗೆಯ ಬದಲು ಮನುಷ್ಯನನ್ನೇ ತಪಾಸಣೆ ಮಾಡುತ್ತಾರೆ, ಅದೇ ಪರೀಕ್ಷೆ. 7 ಮೆಗಾಹರ್ಟ್ಸ್‌ನಲ್ಲಿ ಕಳಿಸುವ ಸೆಟ್ಟು ಸರಿಯಿಲ್ಲದಿದ್ದರೆ 14ರಲ್ಲೂ 21ರಲ್ಲೂ ಹಾರ್ಮೋನಿಕ್, ಅಂದರೆ ಮೂಲದ ಎರಡು ಮೂರು ಪಟ್ಟಿನ ಬೇಡದ ಸಿಗ್ನಲ್, ಉಗುಳುತ್ತದೆ, ಅದನ್ನು ತಡೆಯಲು ಲೋ-ಪಾಸ್ ಫಿಲ್ಟರ್ ಬೇಕು. ಇಷ್ಟು ಕಾಲ ಕಂಡವರ ಗಲಾಟೆಗೆ ಬೈಯುತ್ತಾ ಕೂತಿದ್ದವನು ಇನ್ನು ಮುಂದೆ ಗಲಾಟೆ ಮಾಡುವ ಸಾಮರ್ಥ್ಯ ಇರುವವನಾಗುತ್ತಾನೆ. ಹಾಗಾಗಿ ಪ್ರಶ್ನೆಬ್ಯಾಂಕನ್ನು ಗಿಣಿಪಾಠ ಮಾಡಿ ಪಾಸಾಗುವವರನ್ನು ಕಂಡರೆ ನನಗೆ ಕಸಿವಿಸಿ. ಪಾಸೇನೋ ಆಗುತ್ತಾರೆ. ಕಳಿಸಿದ ಶಕ್ತಿಯಲ್ಲಿ ಎಷ್ಟು ಆಂಟೆನಾದಿಂದ ವಾಪಸು ಬರುತ್ತಿದೆ ಅಂತ ತೋರಿಸುವ ಎಸ್‌ಡಬ್ಲ್ಯೂಆರ್ ಮೀಟರಿನ ಮುಳ್ಳು ಮೊದಲ ದಿನವೇ ಅವರನ್ನು ಹಿಡಿದು ಕೇಳುತ್ತದೆ.

ನನ್ನ ಡೈಪೋಲ್, ಅಂದರೆ ನಡುವೆ ಕೇಬಲ್ ಜೋಡಿಸಿದ ತಂತಿಯ ಆಂಟೆನಾ, ಅದರ ಕಥೆ ಹೇಳುತ್ತೇನೆ. ಸೂತ್ರ ಸುಲಭ: 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಅರ್ಧ ತರಂಗದ ತಂತಿಯ ಉದ್ದ ಮೀಟರಿನಲ್ಲಿ ಬರುತ್ತದೆ. 7.1ಕ್ಕೆ ಲೆಕ್ಕ ಹಾಕಿದರೆ ಸುಮಾರು 20.1 ಮೀಟರ್. ಪುಸ್ತಕದ ಬದನೆಕಾಯಿ ಅಡುಗೆಗೆ ಬರುವುದಿಲ್ಲ ಅಂತ ಗೊತ್ತಿದ್ದರಿಂದ ತಂತಿಯನ್ನು ಬೇಕೆಂದೇ ಸ್ವಲ್ಪ ಉದ್ದ ಬಿಟ್ಟಿದ್ದೆ. ಮೇಲೇರಿಸಿ ಅಳೆದರೆ ಎಸ್‌ಡಬ್ಲ್ಯೂಆರ್ ತೀರಾ ಕೆಳಗಿಳಿಯುವುದು 6.9ರ ಹತ್ತಿರ. ಹಗ್ಗ ಸಡಿಲಿಸಿ ಇಳಿಸಿದೆ. ಎರಡೂ ತುದಿಯಲ್ಲಿ 30 ಸೆಂಟಿಮೀಟರಿನಷ್ಟು ತಂತಿಯನ್ನು ಹಿಂದಕ್ಕೆ ಮಡಿಸಿ ಅದರ ಮೇಲೇ ಸುತ್ತಿದೆ. ಕತ್ತರಿಸಲಿಲ್ಲ, ಕತ್ತರಿಸಿದ್ದನ್ನು ಮತ್ತೆ ಅಂಟಿಸುವುದು ಕಷ್ಟ, ಮಡಿಸಿದ್ದನ್ನು ಬಿಚ್ಚಬಹುದು. ಮತ್ತೆ ಏರಿಸಿದಾಗ ಮುಳ್ಳು ಬೇಕಾದಲ್ಲಿ ಬಂದು ಕೂತಿತು. ಕೇಳುವುದಕ್ಕಾದರೆ ಒಂದು ತುಂಡು ತಂತಿ ಕಿಟಕಿಯಿಂದ ಎಸೆದರೂ ನಡೆಯುತ್ತದೆ, ಕಳಿಸುವುದಕ್ಕೆ ಈ ಕೂದಲು ಸೀಳುವ ಕೆಲಸ ಬೇಕು.

ಇನ್ನು ಮೊದಲ ಸಿಕ್ಯೂ, ಅಂದರೆ ಯಾರಾದರೂ ಉತ್ತರಿಸಿ ಅನ್ನುವ ಕರೆ. ಆವರ್ತನ ಖಾಲಿ ಇದೆಯೇ ಅಂತ ಕೇಳಿ, ಮತ್ತೆ ಕೇಳಿ, ಇನ್ನೊಮ್ಮೆ ಕೇಳಿ, ಒತ್ತುವ ಗುಂಡಿ ಮೇಲೆ ಬೆರಳಿಟ್ಟಾಗ ಗಂಟಲ ಪಸೆಯೇ ಆರಿಹೋಯಿತು. ಎಷ್ಟೋ ಸಾವಿರ ಸಂಭಾಷಣೆ ಕದ್ದು ಕೇಳಿದವನಿಗೆ ತನ್ನದೇ ಕಾಲ್‌ಸೈನ್ ಹೇಳಲು ನಾಲಿಗೆ ಹೊರಳದು! ಆ ಕಡೆಯಿಂದ ಉತ್ತರ ಬಂತು, ಜತೆಗೆ "5-5" ಅನ್ನುವ ರಿಪೋರ್ಟು, ಅಂದರೆ ಮಾತಿನ ಸ್ಪಷ್ಟತೆಗೆ 5ಕ್ಕೆ 5, ಸಿಗ್ನಲ್ ಬಲಕ್ಕೆ 9ಕ್ಕೆ 5. ಪ್ರಸಾರ ಕೇಂದ್ರಗಳಿಗೆ ಸಿನ್‌ಪೋ ಅಂಕ ಹಾಕಿ, ಸಿಗ್ನಲ್ ಎಷ್ಟು, ಅಡಚಣೆ ಎಷ್ಟು, ಗೊರಗೊರ ಎಷ್ಟು ಅಂತ ಬರೆದು ಕಳಿಸಿ, ಕೇಳಿದ್ದನ್ನು ದೃಢಪಡಿಸುವ ಕ್ಯೂಎಸ್‌ಎಲ್ ಕಾರ್ಡಿಗೆ ಕಾದವನು ನಾನು. ಈಗ ಇನ್ನೊಬ್ಬರು ನನ್ನ ದನಿಗೆ ಅಂಕ ಹಾಕುತ್ತಿದ್ದರು. ಫಸ್ಟ್ ಕ್ಲಾಸೇನೂ ಅಲ್ಲ, ಆದರೂ ಆ ಅಂಕದ ಮುಂದೆ ಪರೀಕ್ಷೆಯದ್ದು ಏನೂ ಅಲ್ಲ ಅನ್ನಿಸಿತು.

ಚುಕ್ಕಿ ಗೆರೆಗಳ ಮೋರ್ಸ್ ಸಂಕೇತದ ಬಗ್ಗೆ ಒಂದು ಮಾತು. 30 ಮೆಗಾಹರ್ಟ್ಸ್‌ಗಿಂತ ಕೆಳಗೆ ಕಳಿಸಲು ಮೋರ್ಸ್ ಬರಲೇಬೇಕು ಅನ್ನುವ ಅಂತಾರಾಷ್ಟ್ರೀಯ ಕಟ್ಟಳೆ 2003ರ ವಿಶ್ವ ರೇಡಿಯೋ ಸಮ್ಮೇಳನದಲ್ಲಿ ಹೋಯಿತು, ಬೇಕೋ ಬೇಡವೋ ಅನ್ನುವುದನ್ನು ಆಯಾ ದೇಶಕ್ಕೆ ಬಿಟ್ಟರು. ಆಮೇಲೆ ಬಂದವರನ್ನು ಅರೆಬೆಂದ ಹ್ಯಾಮ್‌ಗಳು ಅನ್ನುವ ಹಿರಿಯರು ಈಗಲೂ ಇದ್ದಾರೆ. ನನಗದು ಒಪ್ಪಿಗೆಯಿಲ್ಲ. ಮೋರ್ಸನ್ನು ನಾನು ಕಲಿಯುತ್ತಿರುವುದು ಅದು ಆವರ್ತನದಲ್ಲಿ ಕಡಿಮೆ ಜಾಗ ಹಿಡಿಯುತ್ತದೆ, ಕಡಿಮೆ ಪವರ್‌ನಲ್ಲಿ ದೂರ ಹೋಗುತ್ತದೆ ಅನ್ನುವ ಕಾರಣಕ್ಕೆ, ಜಾತಿ ಕಟ್ಟಲಿಕ್ಕಲ್ಲ. ಹಾಗೆಯೇ 2017ರಲ್ಲಿ ಬಂದ, ಕಂಪ್ಯೂಟರ್ ಮೂಲಕ ಚುಟುಕು ಸಂದೇಶ ಕಳಿಸುವ ಎಫ್‌ಟಿ8 ವಿಧಾನವನ್ನು ಕಂಡರೆ ಕೆಲವರಿಗೆ ಮೈ ಉರಿ, "ಕಂಪ್ಯೂಟರ್ ಕಂಪ್ಯೂಟರ್ ಮಾತಾಡಿಕೊಳ್ಳುತ್ತವೆ" ಅಂತ. ಅದನ್ನು ರೂಪಿಸಿದವರಲ್ಲಿ ಒಬ್ಬರಾದ ಜೋ ಟೇಲರ್ 1993ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ವಿಜ್ಞಾನಿ. ಈ ವಿಧಾನ 15 ಸೆಕೆಂಡಿಗೊಂದು ಸರದಿಯಂತೆ, ಕಿವಿಗೆ ಕೇಳದ ಸಿಗ್ನಲನ್ನೂ ಗದ್ದಲದ ಅಡಿಯಿಂದ ಹೆಕ್ಕುತ್ತದೆ. ನನಗೆ ಅದರ ಮುಂದೆ ಕೂರಲು ಬೇಜಾರು, ಆದರೆ ಯಾವ ಬ್ಯಾಂಡ್ (ಆವರ್ತನಗಳ ಪಟ್ಟಿ) ಎಲ್ಲಿಗೆ ತೆರೆದಿದೆ ಅಂತ ನೋಡಲು ಅದಕ್ಕಿಂತ ಚುರುಕಾದ ದಾರಿ ಕಾಣೆ.

ನನ್ನ ತಕರಾರು ಬೇರೆಯವರ ಮೇಲೆ: ಕೇಳದೆ ಮಾತಾಡುವವರ ಮೇಲೆ. ಅಪರೂಪದ ದ್ವೀಪದಿಂದ ಯಾರೋ ಒಬ್ಬರು ಕರೆಯುತ್ತಿರುತ್ತಾರೆ, ಸುತ್ತ ನೂರು ಜನ ಮುಗಿಬಿದ್ದಿರುತ್ತಾರೆ. "ಅಪ್ 5 ಟು 10" ಅಂತ ಅವರು ಪದೇಪದೇ ಹೇಳುತ್ತಾರೆ, ಅಂದರೆ ನಾನು 5ರಿಂದ 10 ಕಿಲೋಹರ್ಟ್ಸ್ ಮೇಲೆ ಕೇಳುತ್ತಿದ್ದೇನೆ, ಅಲ್ಲಿ ಕರೆಯಿರಿ ಅಂತ. ಇವರು ಅವರ ನೆತ್ತಿಯ ಮೇಲೇ ಕೂತು ಅರಚುತ್ತಾರೆ. ಹಳೆಯ ಕೇಳುಗ ಹಾಗೆ ಮಾಡುವುದಿಲ್ಲ. ಆ ಕಡೆಯವರು ಈಗ ಯಾರಿಗೆ ಉತ್ತರ ಕೊಟ್ಟರು, ಅವರು ಎಲ್ಲಿಂದ ಕರೆದಿದ್ದರು, ಮುಂದಿನವರನ್ನು ಹುಡುಕಲು ಎತ್ತ ಸರಿಯುತ್ತಿದ್ದಾರೆ ಅಂತ ಕಿವಿಗೊಟ್ಟು ಪತ್ತೆ ಹಚ್ಚುತ್ತಾನೆ. ಒಂದು ಹೆಜ್ಜೆ ಮುಂದೆ ಹೋಗಿ ಕಾಲ್‌ಸೈನ್ ಒಮ್ಮೆ ಹೇಳಿ ಸುಮ್ಮನಾಗುತ್ತಾನೆ. ಸಾಧಾರಣ ಡೈಪೋಲಿನಿಂದ, 100 ವಾಟ್‌ನಲ್ಲಿ ನನಗೆ ಸಿಕ್ಕಿದ ದೂರದ ಸಂಪರ್ಕಗಳೆಲ್ಲ ಹೀಗೆ ಬಂದವು. ಯಾವ ಪರೀಕ್ಷೆಯೂ ಕೇಳದ ಈ ಯೋಗ್ಯತೆ ನಿಮ್ಮಲ್ಲಿ ಆಗಲೇ ಇದೆ. ಅದಕ್ಕೇ ನೀವು ಬರಬೇಕು ಅನ್ನುವುದು.

ಚರಿತ್ರೆಯಲ್ಲೂ ನಮಗೊಂದು ಹಳೆಯ ಬಾಕಿ ಇದೆ. 1912ರಲ್ಲಿ ಅಮೆರಿಕದ ಕಾನೂನು ಹವ್ಯಾಸಿಗಳನ್ನು 200 ಮೀಟರ್ ಮತ್ತು ಅದಕ್ಕಿಂತ ಕಿರಿದಾದ ತರಂಗಗಳಿಗೆ ತಳ್ಳಿತು. ಅವು ದೂರದ ಸಂಪರ್ಕಕ್ಕೆ ಬಾರದವು ಅಂತ ಆಗಿನ ನಂಬಿಕೆ. 1923ರ ನವೆಂಬರಿನಲ್ಲಿ ಅಮೆರಿಕದ ಮತ್ತು ಫ್ರಾನ್ಸಿನ ಹವ್ಯಾಸಿಗಳು ಸುಮಾರು 110 ಮೀಟರಿನಲ್ಲಿ ಅಟ್ಲಾಂಟಿಕ್ ಸಾಗರದಾಚೆ ಈಚೆ ಪರಸ್ಪರ ಸಂಪರ್ಕ ಸಾಧಿಸಿದರು. ನಾವು ರಾತ್ರಿಯೆಲ್ಲ ಕಿವಿಗಿಟ್ಟುಕೊಂಡ ಶಾರ್ಟ್‌ವೇವ್ ಪ್ರಸಾರಕ್ಕೆ ದಾರಿ ತೋರಿದವರಲ್ಲಿ ಅವರೂ ಸೇರಿದ್ದಾರೆ.

"ಮುಂದಿನ ವರ್ಷ ನೋಡೋಣ" ಅನ್ನುವವರಿಗೆ ಕೊನೆಯದಾಗಿ ಒಂದು ಲೆಕ್ಕ. ಸೂರ್ಯನ ಚಟುವಟಿಕೆ ಸುಮಾರು 11 ವರ್ಷಕ್ಕೊಮ್ಮೆ ಏರಿ ಇಳಿಯುತ್ತದೆ. ಈಗಿನ 25ನೇ ಆವರ್ತ 2019ರ ಡಿಸೆಂಬರಿನಲ್ಲಿ ಶುರುವಾಯಿತು, ಗರಿಷ್ಠ ಹಂತ ಮುಟ್ಟಿದೆ ಅಂತ 2024ರ ಅಕ್ಟೋಬರಿನಲ್ಲಿ ನಾಸಾ ಹೇಳಿತು. ಇನ್ನು ಇಳಿಜಾರು. ಸೂರ್ಯ ತಣ್ಣಗಾದಂತೆ ಎಫ್ ಪದರ ದುರ್ಬಲವಾಗಿ 28 ಮೆಗಾಹರ್ಟ್ಸ್ ಬ್ಯಾಂಡ್ ವರ್ಷಗಟ್ಟಲೆ ಬಾಯಿ ಮುಚ್ಚಿಕೊಳ್ಳುತ್ತದೆ. ಅದು ತೆರೆದಿದ್ದಾಗ 5 ವಾಟ್, 5 ಮೀಟರಿನ ತಂತಿ ಸಾಕು, ಸಾಗರ ದಾಟುತ್ತದೆ. ಅರ್ಜಿ, ಪರೀಕ್ಷೆ, ಫಲಿತಾಂಶ, ಲೈಸೆನ್ಸ್ ಅಂತ ತಿಂಗಳುಗಳು ಹೋಗುತ್ತವೆ. ಪುಸ್ತಕ ಈ ವಾರವೇ ತೆರೆಯಿರಿ. ಓಮನ ನಿಯಮದಲ್ಲಿ ಸಿಕ್ಕಿಬಿದ್ದರೆ ಇನ್‌ಬಾಕ್ಸಿಗೆ ಬನ್ನಿ.